ವಿಜ್ಜಿಕಾ: ಜಾತ್ರೆಯಿಲ್ಲದ ಹೆಸರು

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಾವು ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುತ್ತೇವೆ. ಕಳೆದ ತಿಂಗಳು ನಮಗೆ ಹೆಣ್ಣು ಮಗು ಹುಟ್ಟಿತು. ರೋಹಿಣಿ ನಕ್ಷತ್ರ, ಮೂರನೆಯ ಪಾದ, ‘ವಿ’ ಅಕ್ಷರ ಬಂದಿದೆ. ಹಿಂದೊಮ್ಮೆ ಬಾದಾಮಿಗೆ ಹೋದಾಗ ಗೈಡ್ ಒಬ್ಬರ ಬಾಯಲ್ಲಿ ಕೇಳಿದ್ದ ‘ವಿಜ್ಜಿಕಾ’ ಎಂಬ ಹೆಸರು ನನಗೆ ಹಿಡಿಸಿದೆ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ‘ಗೆಲ್ಲುವವಳು’, ಇನ್ನೊಂದು ಕಡೆ ‘ವಿದ್ಯಾವಂತೆ’, ಮತ್ತೊಂದು ಕಡೆ ‘ಮಿಂಚು’ ಎಂದಿದೆ. ನಮ್ಮ ಅತ್ತೆಯವರು ‘ವಿಜ್ಜಿ ಎಂದರೆ ಶಾಲೆಯಲ್ಲಿ ಹುಡುಗರು ಭಜಿ ಎಂದು ಕರೆಯುತ್ತಾರೆ’ ಎನ್ನುತ್ತಾರೆ. ಮಾವನವರ ಅಣ್ಣ ‘ಆಕೆ ಗಂಡನನ್ನು ಕಳೆದುಕೊಂಡ ರಾಣಿ, ಅಂಥ ಹೆಸರು ಕೂಸಿಗೆ ಬೇಡ’ ಎಂದರು. ಮಗು ಸ್ವಲ್ಪ ಕಪ್ಪಗಿದೆ. ನೋಡಲು ಬಂದವರೆಲ್ಲ ಅದನ್ನೇ ಎತ್ತಿ ಆಡುತ್ತಾರಾದ್ದರಿಂದ ಹೆಸರಾದರೂ ಚೆಂದದ್ದಿರಲಿ ಎಂಬ ಆಸೆ ನನ್ನದು. ಇದರ ನಿಜವಾದ ಅರ್ಥವೇನು? ಇದು ಕನ್ನಡದ ಹೆಸರೇ? ಈಗ ಯಾರಾದರೂ ಇಟ್ಟುಕೊಂಡಿದ್ದಾರೆಯೇ? ಹೇಗೆ ಬರೆಯಬೇಕು? ಮುಂದಿನ ತಿಂಗಳು ತೊಟ್ಟಿಲ ಕಾರ್ಯಕ್ರಮವಿದೆ.

ಉತ್ತರ: ತಂಗಿ, ಮೊದಲು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಎದ್ದ ಆಕ್ಷೇಪಗಳಲ್ಲಿ ನನಗೆ ಗಟ್ಟಿ ಎನಿಸಿದ್ದು ಅದೊಂದೇ. ನಮ್ಮದು ಮಿರ್ಚಿ ಭಜಿಯ ಸೀಮೆ. ನಾಲ್ಕನೆಯ ತರಗತಿಯ ಹುಡುಗನಿಗೆ ವಿಜ್ಜಿಯಿಂದ ಭಜಿಗೆ ಜಿಗಿಯಲು ಒಂದು ಗಳಿಗೆಯೂ ಬೇಡ. ಆದರೆ ಆ ವಯಸ್ಸಿನ ಹುಡುಗರ ಬಾಯಿಗೆ ಸಿಕ್ಕು ಇಡಿಯಾಗಿ ಉಳಿದ ಹೆಸರು ಯಾವುದಿದೆ? ನಾನು ಮೂವತ್ತಕ್ಕೂ ಹೆಚ್ಚು ವರ್ಷ ವಿಜಯಪುರದಲ್ಲಿ ಕನ್ನಡ ಕಲಿಸಿದವನು. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಕೇಳಿಬರುತ್ತಿದ್ದ ಪ್ರಾಸಗಳನ್ನು ಬರೆದಿಟ್ಟುಕೊಂಡಿದ್ದರೆ ಇಷ್ಟು ಹೊತ್ತಿಗೆ ಒಂದು ನಿಘಂಟಾಗುತ್ತಿತ್ತು. ಸೃಷ್ಟಿಗೆ ಮುಷ್ಟಿ, ರಂಜಿತಾಳಿಗೆ ಗಂಜಿ. ಭಜಿ ಅದಕ್ಕಿಂತ ರುಚಿಯಾದದ್ದು ಎಂದು ಅತ್ತೆಯವರಿಗೆ ಹೇಳಿ.

ಇನ್ನು ಅರ್ಥ. ಮೊಬೈಲಿನಲ್ಲಿ ಸಿಗುವ ಹೆಸರುಪಟ್ಟಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅಲ್ಲಿ ಪ್ರತಿಯೊಂದು ಹೆಣ್ಣುಮಗುವೂ ಒಂದೋ ಲಕ್ಷ್ಮಿ, ಇಲ್ಲವೇ ಬೆಳಕು, ಇಲ್ಲವೇ ‘ದೇವರ ಕೊಡುಗೆ’. ಆದರೆ ಈ ಬಾರಿ ಆ ಪಟ್ಟಿಗಳು ಅಪ್ಪಿತಪ್ಪಿ ಸತ್ಯದ ಹತ್ತಿರ ಬಂದಿವೆ. ನೀವು ಕಂಡ ಮೂರು ಅರ್ಥಗಳಲ್ಲಿ ಎರಡಕ್ಕೆ ಗಟ್ಟಿಯಾದ ಆಧಾರವಿದೆ, ಮೂರನೆಯದಕ್ಕೆ ನೆಂಟಸ್ತನದಷ್ಟು ದೂರದ ಆಧಾರವಿದೆ. ಅದನ್ನು ಬಿಡಿಸುವ ಮೊದಲು ಈ ಹೆಸರನ್ನು ಹೊತ್ತ ಹೆಂಗಸು ಯಾರೆಂದು ನೋಡೋಣ.

ವಿಜ್ಜಿಕೆ ಸಂಸ್ಕೃತದಲ್ಲಿ ಪದ್ಯ ಬರೆದ ಕವಯಿತ್ರಿ. ಅವಳದು ಎನ್ನಬಹುದಾದ ಸಂಕಲನ ಯಾವುದೂ ಉಳಿದಿಲ್ಲ. ನೂರಾರು ವರ್ಷಗಳ ನಂತರ ಯಾರೋ ಕೂಡಿಸಿದ ಸುಭಾಷಿತ ಸಂಗ್ರಹಗಳಲ್ಲಿ ಬಿಡಿ ಪದ್ಯಗಳಷ್ಟೇ ಸಿಗುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಒಂದು ಸಿಟ್ಟಿನ, ಅಥವಾ ಸಿಟ್ಟಿನ ಸೋಗು ಹಾಕಿದ, ಶ್ಲೋಕ. ದಂಡಿ ಎಂಬ ಪಂಡಿತ ತನ್ನ ‘ಕಾವ್ಯಾದರ್ಶ’ ಎಂಬ ಕಾವ್ಯಶಾಸ್ತ್ರದ ಗ್ರಂಥವನ್ನು ಸರಸ್ವತಿಯ ಸ್ತುತಿಯಿಂದ ಆರಂಭಿಸುತ್ತಾನೆ. ಅಲ್ಲಿ ಅವಳನ್ನು ‘ಸರ್ವಶುಕ್ಲಾ’ ಎನ್ನುತ್ತಾನೆ, ಎಂದರೆ ಅಡಿಯಿಂದ ಮುಡಿಯವರೆಗೆ ಬೆಳ್ಳಗಿರುವವಳು. ಅದಕ್ಕೆ ಇವಳ ಉತ್ತರ ಹೀಗಿದೆ:

ನೀಲೋತ್ಪಲದಲಶ್ಯಾಮಾಂ ವಿಜ್ಜಿಕಾಂ ಮಾಮಜಾನತಾ |
ವೃಥೈವ ದಂಡಿನಾ ಪ್ರೋಕ್ತಂ ಸರ್ವಶುಕ್ಲಾ ಸರಸ್ವತೀ ||

ಕನ್ನೈದಿಲೆಯ ಎಸಳಿನಂತೆ ಕಪ್ಪಗಿರುವ ವಿಜ್ಜಿಕೆ ನಾನಿರುವುದನ್ನು ಅರಿಯದೆ ದಂಡಿ ಸುಮ್ಮನೆ ‘ಸರಸ್ವತಿ ಸರ್ವಶುಕ್ಲೆ’ ಎಂದುಬಿಟ್ಟ. ಮೊದಲ ಸಾಲಿನಲ್ಲಿ ಪದಗಳು ನಿಂತಿರುವ ರೀತಿಯನ್ನು ಒಮ್ಮೆ ನೋಡಿ. ಶ್ಯಾಮಾಂ, ವಿಜ್ಜಿಕಾಂ, ಮಾಂ. ಕಪ್ಪಾದವಳನ್ನು, ವಿಜ್ಜಿಕೆಯನ್ನು, ನನ್ನನ್ನು. ಮೂರೂ ಭುಜಕ್ಕೆ ಭುಜ ತಾಗಿಸಿ ನಿಂತಿವೆ, ನಡುವೆ ಯಾರೂ ತೂರುವ ಹಾಗಿಲ್ಲ. ‘ಕಪ್ಪಾದರೂ ನಾನು ಜಾಣೆ’ ಎಂದು ಅವಳು ಬರೆಯಲಿಲ್ಲ. ನಾನೇ ಸರಸ್ವತಿ, ನಾನು ಕಪ್ಪಗಿದ್ದೇನೆ, ಆದ್ದರಿಂದ ನಿನ್ನ ವರ್ಣನೆ ತಪ್ಪು ಎಂದಳು. ದಂಡಿಯೇನು ಸಣ್ಣ ಆಸಾಮಿಯಲ್ಲ. ನಮಗೆ ಉಳಿದಿರುವ ಕನ್ನಡದ ಮೊದಲ ಗ್ರಂಥವಾದ, ಸುಮಾರು 850ರ ‘ಕವಿರಾಜಮಾರ್ಗ’ ಬಹುಮಟ್ಟಿಗೆ ಇವನ ‘ಕಾವ್ಯಾದರ್ಶ’ದ ಹೆಗಲ ಮೇಲೆ ಕೂತಿದೆ. ಅಂಥವನ ಮಂಗಳಶ್ಲೋಕದಲ್ಲೇ ತಪ್ಪು ಹಿಡಿದವಳು ಇವಳು.

ಕೂಸನ್ನು ನೋಡಲು ಬಂದವರು ಬಣ್ಣದ ಮಾತೆತ್ತಿದಾಗ ನೀವು ಏನು ಹೇಳುತ್ತೀರೋ ನನಗೆ ತಿಳಿಯದು. ಈ ಎರಡು ಸಾಲನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಬಂದವರಿಗೆ ಅರ್ಥವಾಗದಿದ್ದರೂ ಮಾತು ಅಲ್ಲಿಗೆ ನಿಲ್ಲುತ್ತದೆ. ಸಂಸ್ಕೃತಕ್ಕೆ ಆ ಶಕ್ತಿ ಇಂದಿಗೂ ಇದೆ.

ಈಗ ‘ವಿಜ್ಜಿಕಾ’ ಪದವನ್ನು ಬಿಚ್ಚೋಣ. ಕೊನೆಯ ‘ಇಕಾ’ ಸುಲಭ. ಲತೆಯಿಂದ ಲತಿಕಾ, ಮಾಲೆಯಿಂದ ಮಾಲಿಕಾ ಬಂದಂತೆ ಇದು ಹೆಸರನ್ನು ಕಿರಿದು ಮಾಡಿ ಮುದ್ದು ಬೆರೆಸುವ ಪ್ರತ್ಯಯ. ಅದನ್ನು ಕಳಚಿದರೆ ಉಳಿಯುವುದು ‘ವಿಜ್ಜಾ’. ಸುಭಾಷಿತ ಸಂಗ್ರಹಗಳಲ್ಲಿ ಈ ಕವಯಿತ್ರಿಯ ಹೆಸರು ವಿಜ್ಜಾ, ವಿಜ್ಜಕಾ, ವಿಜ್ಜಿಕಾ ಎಂದು ಮೂರೂ ಬಗೆಯಲ್ಲಿ ಬರುತ್ತದೆ. ನಾನು ಮೇಲೆ ಬರೆದ ಶ್ಲೋಕದಲ್ಲೇ ಕೆಲವರ ಪಾಠ ‘ವಿಜ್ಜಕಾಂ’ ಎಂದಿದೆ. ಆದ್ದರಿಂದ ಯಾರಾದರೂ ‘ಸರಿಯಾದ ರೂಪ ವಿಜ್ಜಕಾ’ ಎಂದು ನಿಮ್ಮನ್ನು ತಿದ್ದಲು ಬಂದರೆ ಅಂಜಬೇಡಿ.

ವಿಜ್ಜಾ ಎಂಬುದು ಶುದ್ಧ ಸಂಸ್ಕೃತದ ಪದವಲ್ಲ, ಪ್ರಾಕೃತದ, ಎಂದರೆ ಸಂಸ್ಕೃತಕ್ಕೆ ಹತ್ತಿರದ ಹಳೆಯ ಆಡುನುಡಿಯ, ಬಾಯಲ್ಲಿ ಮೆತ್ತಗಾದದ್ದು. ಪ್ರಾಕೃತದಲ್ಲಿ ‘ದ್ಯ’ ಬಂದಲ್ಲೆಲ್ಲ ‘ಜ್ಜ’ ಆಗುತ್ತದೆ. ಅದ್ಯ ಎಂಬುದು ಅಜ್ಜ ಆಗುತ್ತದೆ, ವೈದ್ಯ ಎಂಬುದು ವೆಜ್ಜ, ವಿದ್ಯಾ ಎಂಬುದು ವಿಜ್ಜಾ. ಕನ್ನಡ ಈ ಪದಗಳನ್ನು ತೆಗೆದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಯಿತು, ಮೊದಲ ‘ವ’ಕಾರವನ್ನು ‘ಬ’ಕಾರ ಮಾಡಿತು. ಹಳಗನ್ನಡದಲ್ಲಿ ವೈದ್ಯ ಬೆಜ್ಜ ಆದ, ವಿದ್ಯಾಧರ ಬಿಜ್ಜೋದರ ಆದ, ವಿದ್ಯೆ ಬಿಜ್ಜೆ ಆಯಿತು. ಈ ‘ವ’ ಹೋಗಿ ‘ಬ’ ಆಗುವ ಚಾಳಿಗೆ ಉದಾಹರಣೆ ಹುಡುಕಲು ವ್ಯಾಕರಣದ ಪುಸ್ತಕ ಬೇಡ, ನಿಮ್ಮ ಊರಿನಿಂದ ಬಸ್ ಹತ್ತಿದರೆ ಸಾಕು. ವಾತಾಪಿ ಬಾದಾಮಿಯಾಗಿದೆ. ಅದರ ಪಕ್ಕದಲ್ಲಿ ವನಶಂಕರಿ ಬನಶಂಕರಿಯಾಗಿದ್ದಾಳೆ. ಇತ್ತ ಬಾಗೇವಾಡಿಯಲ್ಲಿ ವೃಷಭ ಬಸವನಾಗಿದ್ದಾನೆ. ನಮ್ಮ ಊರಂತೂ ವಿಜಯಪುರದಿಂದ ಬಿಜಾಪುರವಾಗಿ, 2014ರ ನವೆಂಬರ್ 1ರಂದು ಸರಕಾರಿ ಫಲಕಗಳಲ್ಲಿ ಮತ್ತೆ ವಿಜಯಪುರವಾಯಿತು. ಜನರ ಬಾಯಲ್ಲಿ ಇನ್ನೂ ಬಿಜಾಪುರವೇ ಇದೆ. ಟಿಕೆಟ್ ಕೊಡುವ ಕಂಡಕ್ಟರ್‌ಗೆ ವಿಜಯಪುರ ಎಂದರೆ ಒಮ್ಮೆ ಮುಖ ನೋಡುತ್ತಾನೆ.

ಇಷ್ಟರಿಂದ ವಿಜ್ಜಿಕಾ ಎಂದರೆ ‘ಪುಟ್ಟ ವಿದ್ಯೆ’ ಎಂದು ತೀರ್ಮಾನಿಸಿ ಎದ್ದುಬಿಡಬಹುದಿತ್ತು. ನಿಯಮ ಹಾಗೆಯೇ ಹೇಳುತ್ತದೆ. ಒಂದು ಸಂಗ್ರಹದಲ್ಲಿ ವಿಜ್ಜಕಾ ಎಂಬ ಹೆಸರಿನಡಿ ಬರುವಂಥ ಪದ್ಯ ಇನ್ನೊಂದರಲ್ಲಿ ‘ವಿದ್ಯಾ’ ಎಂಬ ಹೆಸರಿನಡಿ ಬರುವುದೂ ಇದೆ. ಹೀಗಾಗಿ ಇಬ್ಬರೂ ಒಬ್ಬಳೇ ಎಂದು ನಂಬುವ ವಿದ್ವಾಂಸರು ಹಲವರಿದ್ದಾರೆ. ‘ವಿಜಯ’ವಾಗಿದ್ದರೆ ‘ಜ’ಕಾರ ಇಮ್ಮಡಿಯಾಗುವ ಕಾರಣವಿರಲಿಲ್ಲ. ಹಳಗನ್ನಡದಲ್ಲಿ ವಿಜಯ ‘ಬಿಜಯ’ವಾಗುತ್ತದೆ, ಒಂಟಿ ‘ಜ’ಕಾರವೇ ಉಳಿಯುತ್ತದೆ. ದೊಡ್ಡವರು ಆಗಮಿಸಿದರು ಎನ್ನಲು ‘ಬಿಜಯಂಗೆಯ್ದರು’ ಎಂದು ಹಳೆಯ ಕಾವ್ಯಗಳಲ್ಲಿ ಓದಿರುತ್ತೀರಿ, ಅದೇ ಪದ.

ಆದರೆ ಮನೆಯಲ್ಲಿ ಕರೆಯುವ ಹೆಸರಿಗೆ ವ್ಯಾಕರಣ ಅಡ್ಡಬಂದದ್ದು ಯಾವಾಗ? ನನ್ನ ಚಿಕ್ಕಮ್ಮನ ಹೆಸರು ಪಡಿತರ ಚೀಟಿಯಲ್ಲಿ ವಿಜಯಲಕ್ಷ್ಮಿ. ಮನೆಯಲ್ಲಿ ಅವಳು ಹುಟ್ಟಿದಂದಿನಿಂದ ವಿಜ್ಜಿ, ನಮಗೆಲ್ಲ ವಿಜ್ಜಕ್ಕ. ಪದ್ಮಾವತಿ ಪದ್ದಿಯಾಗುತ್ತಾಳೆ, ಸುಬ್ರಹ್ಮಣ್ಯ ಸುಬ್ಬನಾಗುತ್ತಾನೆ. ಪ್ರೀತಿ ಹೆಚ್ಚಾದಾಗ ವ್ಯಂಜನ ಇಮ್ಮಡಿಸುವುದು ನಮ್ಮ ನಾಲಿಗೆಯ ಹಳೆಯ ಗುಣ. ಹೀಗಾಗಿ ‘ವಿಜಯಾ’ ಎಂಬ ಹುಡುಗಿಯೂ ಸಲೀಸಾಗಿ ವಿಜ್ಜೆಯಾಗಬಲ್ಲಳು. ಅದಕ್ಕೆ ಸಾಕ್ಷಿಯೂ ಇದೆ. ಸುಮಾರು 900ರಲ್ಲಿದ್ದ ರಾಜಶೇಖರ ಎಂಬ ಕವಿ ಹೇಳಿದ್ದೆಂದು 1258ರ ‘ಸೂಕ್ತಿಮುಕ್ತಾವಲಿ’ಯಲ್ಲಿ ಒಂದು ಶ್ಲೋಕ ಸಿಗುತ್ತದೆ: ‘ಸರಸ್ವತೀವ ಕಾರ್ಣಾಟೀ ವಿಜಯಾಂಕಾ ಜಯತ್ಯಸೌ, ಯಾ ವಿದರ್ಭಗಿರಾಂ ವಾಸಃ ಕಾಲಿದಾಸಾದನಂತರಮ್’. ಕರ್ನಾಟಕದ ವಿಜಯಾಂಕೆ ಸಾಕ್ಷಾತ್ ಸರಸ್ವತಿ, ವೈದರ್ಭೀ ಎಂಬ ಸರಳ, ಇಂಪಾದ ಕಾವ್ಯಶೈಲಿಗೆ ಕಾಳಿದಾಸನ ನಂತರ ಅವಳೇ ಮನೆ. ಇಲ್ಲಿಯೂ ಸರಸ್ವತಿಯ ಹೋಲಿಕೆಯೇ ಬಂದಿರುವುದರಿಂದ ಈ ವಿಜಯಾಂಕೆ ನಮ್ಮ ವಿಜ್ಜಿಕೆಯೇ ಎಂದು ಬಹಳ ಜನ ಒಪ್ಪುತ್ತಾರೆ. ನಾನೂ ಆ ಗುಂಪಿನವನೇ.

ಅಂದರೆ ಒಂದು ಕಡೆಯ ದಾಖಲೆ ವಿದ್ಯಾ ಎನ್ನುತ್ತದೆ, ಇನ್ನೊಂದು ಕಡೆಯದು ವಿಜಯಾ ಎನ್ನುತ್ತದೆ. ಎರಡು ಹೊಳೆಗಳು ಪ್ರಾಕೃತದ ಬಾಯಲ್ಲಿ ಕೂಡಿ ಒಂದೇ ಆದವು, ಅಲ್ಲಿಂದ ಮುಂದೆ ನೀರನ್ನು ಬೇರ್ಪಡಿಸಲು ಬರುವುದಿಲ್ಲ. ‘ಅರ್ಥವೇನು’ ಎಂದು ಕೇಳಿದವರಿಗೆ ಪುಟ್ಟ ವಿದ್ಯೆ ಎಂದರೂ ಸುಳ್ಳಾಗದು, ಪುಟ್ಟ ವಿಜಯೆ ಎಂದರೂ ಸುಳ್ಳಾಗದು. ನನ್ನನ್ನು ಕುತ್ತಿಗೆ ಹಿಡಿದು ಕೇಳಿದರೆ ಆ ಇಮ್ಮಡಿ ‘ಜ’ಕಾರದ ಕಾರಣಕ್ಕೆ ವಿದ್ಯೆಯ ಕಡೆಗೆ ಒಂದು ಗುಲಗಂಜಿ ಹೆಚ್ಚು ತೂಗುತ್ತೇನೆ.

ಮಿಂಚಿನ ಮಾತು ಮರೆಯಲಿಲ್ಲ. ವಿದ್ಯುತ್ ಎಂಬುದು ಅದೇ ನಿಯಮದಂತೆ ಪ್ರಾಕೃತದಲ್ಲಿ ‘ವಿಜ್ಜು’ ಆಯಿತು. ಮರಾಠಿಯ ‘ವೀಜ್’, ಹಿಂದಿಯ ‘ಬಿಜಲಿ’ ಅದರ ಮೊಮ್ಮಕ್ಕಳು. ಬೆಳಗಾವಿಯ ಕಡೆ ಕರೆಂಟ್ ಹೋದಾಗ ಮರಾಠಿ ಮಾತಾಡುವ ನೆರೆಯವರು ‘ವೀಜ್ ಗೇಲಿ’ ಎನ್ನುವುದನ್ನು ಕೇಳಿರುತ್ತೀರಿ. ಆದರೆ ಕವಯಿತ್ರಿಯ ಹೆಸರನ್ನು ಯಾವ ಸಂಗ್ರಹಕಾರನೂ ವಿದ್ಯುತ್ ಎಂದು ಬಿಡಿಸಿದ್ದಿಲ್ಲ. ಮಿಂಚು ಈ ಹೆಸರಿನ ನೆಂಟ, ಮನೆಯವನಲ್ಲ.

‘ಕನ್ನಡದ ಹೆಸರೇ’ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಬೇರು ಸಂಸ್ಕೃತ, ಉಚ್ಚಾರ ಪ್ರಾಕೃತ, ಹೊತ್ತವಳು ಕಾರ್ಣಾಟೀ. ಇದು ಇದೇ ನೆಲದ ಒಕ್ಕಲು ಮಕ್ಕಳ ಬಾಯಲ್ಲಿ ಬಳಕೆಯಾಗಿ ಉಳಿದಿದ್ದರೆ ಇಷ್ಟು ಹೊತ್ತಿಗೆ ಬಿಜ್ಜಿಕೆಯೋ ಬಿಜ್ಜವ್ವನೋ ಆಗಿರುತ್ತಿತ್ತು. ಹನ್ನೆರಡನೆಯ ಶತಮಾನದ ಕಲಚುರಿ ಅರಸ ಬಿಜ್ಜಳನ ಹೆಸರು ಕಿವಿಗೆ ಹತ್ತಿರವೆನಿಸುತ್ತದೆ.

ಈಗ ರಾಣಿಯ ವಿಷಯ. ಬಾದಾಮಿಯ ಗೈಡ್ ನಿಮಗೆ ‘ವಿಜ್ಜಿಕೆ ಎಂದರೆ ಇಮ್ಮಡಿ ಪುಲಕೇಶಿಯ ಸೊಸೆ’ ಎಂದಿರಬೇಕು. ಪುಲಕೇಶಿಯ ಮಗ ಚಂದ್ರಾದಿತ್ಯ, ಅವನ ರಾಣಿ ವಿಜಯಭಟ್ಟಾರಿಕೆ. ಅವಳು ಹೊರಡಿಸಿದ ಎರಡು ತಾಮ್ರಶಾಸನಗಳು ಸಿಕ್ಕಿವೆ. ನೆರೂರು ಮತ್ತು ಕೋಚ್ರೆ ಎಂಬ ಆ ಊರುಗಳು ಈಗ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿವೆ. ಕಾಲ ಏಳನೆಯ ಶತಮಾನದ ಮಧ್ಯಭಾಗ. ಆಗಿನ ಪರಿಸ್ಥಿತಿಯನ್ನು ನೆನೆಯಿರಿ. 642ರ ಸುಮಾರಿಗೆ ಕಂಚಿಯ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ, ಪುಲಕೇಶಿಯ ಕಥೆ ಮುಗಿಯಿತು. ಇನ್ನೊಬ್ಬ ಮಗ ಒಂದನೆಯ ವಿಕ್ರಮಾದಿತ್ಯ 655ರ ವೇಳೆಗೆ ರಾಜಧಾನಿಯನ್ನು ಮರಳಿ ಗೆದ್ದ. ಅಂಥ ತಲೆಕೆಳಗಾದ ಕಾಲದಲ್ಲಿ ಕೊಂಕಣದ ಅಂಚಿನಲ್ಲಿ ಈ ಹೆಂಗಸು ತನ್ನ ಹೆಸರಿನಲ್ಲಿ ದಾನಪತ್ರ ಬರೆಸಿದಳು.

ರಾಣಿ ವಿಜಯಭಟ್ಟಾರಿಕೆಯೇ ಕವಯಿತ್ರಿ ವಿಜ್ಜಿಕೆ ಎಂಬುದು ಚೆಂದದ ಊಹೆ. ಹೆಸರು ಹೊಂದುತ್ತದೆ, ಕರ್ನಾಟಕ ಹೊಂದುತ್ತದೆ. ಬಾದಾಮಿಯ ಆಸ್ಥಾನದಲ್ಲಿ ಕಾಳಿದಾಸ ಮನೆಮಾತಾಗಿದ್ದ ಎಂಬುದಕ್ಕೆ ಐಹೊಳೆಯ ಮೇಗುತಿ ಗುಡಿಯ ಗೋಡೆಯೇ ಸಾಕ್ಷಿ. 634ರ ಆ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ, ವಿನಯದ ಕೊರತೆ ಆ ಆಸ್ಥಾನದಲ್ಲಿ ಒಬ್ಬಿಬ್ಬರಿಗೆ ಇದ್ದದ್ದಲ್ಲ. ಆದರೆ ಒಂದು ತೊಡಕಿದೆ. ದಂಡಿಯನ್ನು ಈಗ ಹೆಚ್ಚಿನ ವಿದ್ವಾಂಸರು ಕಂಚಿಯಲ್ಲಿ, ಏಳನೆಯ ಶತಮಾನದ ಕೊನೆ ಮತ್ತು ಎಂಟನೆಯದರ ಆರಂಭದಲ್ಲಿ ಇಡುತ್ತಾರೆ. 650ರ ದಶಕದಲ್ಲಿ ರಾಜ್ಯವಾಳಿದವಳು ಆಮೇಲೆ ಬಂದ ದಂಡಿಯ ಪುಸ್ತಕ ಓದಿ ಸಿಟ್ಟಾಗಬೇಕಾದರೆ ತುಂಬ ವಯಸ್ಸಾಗಿರಬೇಕು. ಅಸಾಧ್ಯವೇನಲ್ಲ, ನಮ್ಮ ಆಯಿಯಂದಿರು ಎಂಬತ್ತಕ್ಕೂ ಸಿಟ್ಟಾಗುತ್ತಾರೆ. ಆದರೂ ಮಗಳು ದೊಡ್ಡವಳಾಗಿ ಕೇಳಿದಾಗ ‘ನಿನ್ನದು ಕವಯಿತ್ರಿಯ ಹೆಸರು’ ಎಂದು ಖಚಿತವಾಗಿ ಹೇಳಿ, ‘ರಾಣಿಯೂ ಅವಳೇ ಇರಬಹುದು ಎನ್ನುತ್ತಾರೆ’ ಎಂದು ದನಿ ಸ್ವಲ್ಪ ತಗ್ಗಿಸಿ ಹೇಳಿ. ಗೈಡ್ ಹೇಳಿದಷ್ಟು ಗಟ್ಟಿಯಾಗಿ ಬೇಡ.

ಇದರಿಂದ ನಿಮ್ಮ ದೊಡ್ಡ ಮಾವನವರ ಆಕ್ಷೇಪ ಅರ್ಧ ಬಿದ್ದುಹೋಗುತ್ತದೆ. ವಿಜಯಭಟ್ಟಾರಿಕೆ ಗಂಡ ತೀರಿದ ಮೇಲೆ ಚಿಕ್ಕ ಮಗನ ಪರವಾಗಿ ಆಳಿದಳು ಎಂಬುದು ಇತಿಹಾಸಕಾರರ ಅನುಮಾನ. ಶಾಸನ ಅವಳನ್ನು ಕರೆಯುವುದು ಚಂದ್ರಾದಿತ್ಯನ ಪ್ರಿಯ ರಾಣಿ ಎಂದು. ಉಳಿದ ಅರ್ಧಕ್ಕೆ ನನ್ನ ಉತ್ತರ ಬೆಳಗಾವಿ ಜಿಲ್ಲೆಯಲ್ಲಿದೆ. ಕಿತ್ತೂರು ಚನ್ನಮ್ಮನ ಗಂಡ ಮಲ್ಲಸರ್ಜ ತೀರಿದ್ದು 1816ರಲ್ಲಿ, ಅವಳು ಇಂಗ್ಲಿಷರ ವಿರುದ್ಧ ನಿಂತದ್ದು 1824ರಲ್ಲಿ, ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದ್ದು 1829ರಲ್ಲಿ. ಬೆಳವಡಿಯ ಮಲ್ಲಮ್ಮನದೂ ಅಂಥದೇ ಕಥೆ. ಆ ಭಾಗದ ಯಾವ ಊರಿಗೆ ಹೋಗಿ ‘ಚನ್ನಮ್ಮಾ’ ಎಂದು ಕೂಗಿದರೂ ನಾಲ್ಕು ಬಾಗಿಲು ತೆರೆಯುತ್ತವೆ. ಹಿರಿಯರಿಗೆ ಎದುರಾಡಿದಂತೆ ಆಗದಿರಲೆಂದು, ಇದನ್ನು ನಾನು ಹೇಳಿದೆ ಎಂದೇ ಹೇಳಿ.

ನಿಮ್ಮ ಅತ್ತೆಯವರಿಗೆ ಮಾತ್ರ ಬೇರೆ ಮದ್ದು ಬೇಕು. ಅವರು ಯಾವ ಊರಿನ ಮಗಳೋ ಗೊತ್ತಿಲ್ಲ, ಆದರೆ ಅವರ ತವರಿನಲ್ಲಿ ಬೀಸುವ ಕಲ್ಲು ಇದ್ದೇ ಇರುತ್ತದೆ. ವಿಜ್ಜಿಕೆಯ ಹೆಸರಿನಲ್ಲಿ ಬರುವ ಪದ್ಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಭತ್ತ ಕುಟ್ಟುವ ಹೆಂಗಸರ ಹಾಡಿನ ಮೇಲಿನದು. ಸಂಸ್ಕೃತದಲ್ಲಿ ಅದು ಉದ್ದುದ್ದ ಸಮಾಸಗಳ ನಾಲ್ಕು ಸಾಲು. ಒನಕೆ ಮೇಲೇಳುತ್ತದೆ, ಕೆಳಗಿಳಿಯುತ್ತದೆ. ತೋಳು ಬಳುಕುತ್ತದೆ, ಬಳೆಗೆ ಬಳೆ ತಾಗಿ ಸದ್ದಾಗುತ್ತದೆ. ಪ್ರತಿ ಪೆಟ್ಟಿಗೂ ಬಾಯಿಂದ ‘ಹುಂ’ ಎಂಬ ಉಸಿರು ಹೊರಬರುತ್ತದೆ, ಆ ಕುಲುಕಾಟದಿಂದ ಹಾಡಿನ ಗಮಕ ಅಲ್ಲಲ್ಲಿ ತುಂಡಾಗುತ್ತದೆ. ಆ ತುಂಡಾದ ಹಾಡೇ ಚೆಂದ ಎಂದು ಪದ್ಯ ಹೇಳುತ್ತದೆ. ಓದಿದಾಗಲೆಲ್ಲ ನನಗೆ ನಮ್ಮ ಆಯಿ ನಸುಕಿನಲ್ಲಿ ಜೋಳ ಬೀಸುತ್ತ ಹೇಳುತ್ತಿದ್ದ ತ್ರಿಪದಿಗಳು ನೆನಪಾಗುತ್ತವೆ. ಕಲ್ಲಿನ ಗೂಟ ತನ್ನ ಕಡೆ ಬಂದಾಗ ಅವಳ ದನಿ ಏರುತ್ತಿತ್ತು, ದೂರ ಹೋದಾಗ ಒಂದು ಅಕ್ಷರ ನುಂಗಿಹೋಗುತ್ತಿತ್ತು. ಆ ನುಂಗಿದ ಅಕ್ಷರವನ್ನು ಹದಿಮೂರು ಶತಮಾನದ ಹಿಂದೆ ಒಬ್ಬಳು ಕೇಳಿಸಿಕೊಂಡಿದ್ದಳು. ಅರಮನೆಯಲ್ಲಿ ಕೂತು ಇದನ್ನು ಬರೆಯಲು ಬರುವುದಿಲ್ಲ, ಕುಟ್ಟುವವರ ಹತ್ತಿರ ಹೋಗಿ ನಿಂತಿರಬೇಕು. ಇದನ್ನು ಅತ್ತೆಯವರಿಗೆ ಓದಿ ಹೇಳಿ ನೋಡಿ. (ಅವಳ ಹೆಸರಿನಲ್ಲಿರುವ ಬೇರೆ ಪದ್ಯಗಳಲ್ಲಿ ಹಲವು ಶೃಂಗಾರದವು. ಅವನ್ನು ಅತ್ತೆಯವರ ಮುಂದೆ ಓದುವ ಸಾಹಸ ಬೇಡ.)

ಈಗ ಪ್ರಚಾರದ ಪ್ರಶ್ನೆ. ಅಮೆರಿಕದಲ್ಲಿ ಸರಕಾರವೇ ಪ್ರತಿವರ್ಷ ಮಕ್ಕಳ ಹೆಸರಿನ ಪಟ್ಟಿ ಹೊರಡಿಸುತ್ತದೆ, ಒಂದು ವರ್ಷದಲ್ಲಿ ಐದು ಮಕ್ಕಳಿಗೆ ಇಟ್ಟ ಹೆಸರೂ ಅದರಲ್ಲಿ ಸಿಗುತ್ತದೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ನನ್ನ ಬಳಿಯಿರುವುದು ಹಾಜರಿ ಪುಸ್ತಕದ ನೆನಪು ಮಾತ್ರ. ನಾನು ಕೆಲಸಕ್ಕೆ ಸೇರಿದಾಗ ತರಗತಿಯ ತುಂಬ ಮಹಾದೇವಿ, ದಾನಮ್ಮ, ಬನಶಂಕರಿ, ರೇಣುಕಾ, ಶಿವಲೀಲಾ, ನೀಲಮ್ಮ. ನಿವೃತ್ತನಾಗುವ ಹೊತ್ತಿಗೆ ಐಶ್ವರ್ಯಾ, ಸೃಷ್ಟಿ, ಭೂಮಿಕಾ. ಈಗ ಮೊಮ್ಮಗಳ ಶಾಲೆಗೆ ಹೋದರೆ ಆದ್ಯಾ, ಸಾನ್ವಿ, ಅದ್ವಿಕಾ, ಆರಾಧ್ಯಾ. ಇಷ್ಟು ವರ್ಷಗಳಲ್ಲಿ ಒಬ್ಬ ವಿಜ್ಜಿಕೆಯೂ ನನ್ನ ಮುಂದೆ ‘ಹಾಜರ್ ಸರ್’ ಎನ್ನಲಿಲ್ಲ.

ಏಕೆ ಎಂದು ಬಹಳ ಸಲ ಯೋಚಿಸಿದ್ದೇನೆ. 1363ರ ‘ಶಾರ್ಙ್ಗಧರಪದ್ಧತಿ’ ಎಂಬ ಸಂಗ್ರಹದಲ್ಲಿ ಹೆಣ್ಣು ಕವಿಗಳನ್ನು ಹೊಗಳುವ ಒಂದು ಸಾಲಿದೆ: ‘ಶೀಲಾವಿಜ್ಜಾಮಾರುಲಾಮೋರಿಕಾದ್ಯಾಃ’. ಶೀಲಾ, ವಿಜ್ಜಾ, ಮಾರುಲಾ, ಮೋರಿಕಾ. ಒಂದೇ ಬೆಂಚಿನಲ್ಲಿ ಕೂತ ನಾಲ್ವರು. ಅವರಲ್ಲಿ ಶೀಲಾ ಒಬ್ಬಳೇ ಇಂದಿನವರೆಗೆ ಬಂದಳು, ಬಂದವಳು ದೇಶದ ತುಂಬ ಹರಡಿದಳು. ಆದರೆ ಅವಳನ್ನು ತಂದದ್ದು ಕವಿತೆಯಲ್ಲ, ಶೀಲ ಎಂಬ ಗುಣ. ಮಗಳಿಗೆ ಶೀಲಾ ಎಂದು ಹೆಸರಿಟ್ಟ ಯಾರಿಗೂ ಆ ಕವಯಿತ್ರಿಯ ನೆನಪಿರಲಿಲ್ಲ. ಉಳಿದ ಮೂವರಿಗೆ ಅಂಥ ಆಸರೆಯಿರಲಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಹೆಸರು ತಲೆಮಾರಿನಿಂದ ತಲೆಮಾರಿಗೆ ದಾಟುವುದು ಜಾತ್ರೆಯ ಬಂಡಿಯಲ್ಲಿ. ಸವದತ್ತಿಯ ಗುಡ್ಡವಿರುವವರೆಗೆ ಯಲ್ಲವ್ವ ಇರುತ್ತಾಳೆ, ಗುಡ್ಡಾಪುರವಿರುವವರೆಗೆ ದಾನಮ್ಮ ಇರುತ್ತಾಳೆ. ಬನದ ಹುಣ್ಣಿಮೆಗೆ ತೇರು ಎಳೆಯುವವರೆಗೆ ಬಾದಾಮಿಯ ಸುತ್ತ ಬನಶಂಕರಿಯರು ಹುಟ್ಟುತ್ತಲೇ ಇರುತ್ತಾರೆ. ವಿಜ್ಜಿಕೆಗೆ ಗುಡಿಯಿಲ್ಲ, ಜಾತ್ರೆಯಿಲ್ಲ, ಹರಕೆ ಹೊತ್ತವರಿಲ್ಲ. ಅವಳು ಓಲೆಗರಿಯಲ್ಲಿ ಬದುಕಿದವಳು.

ಗುಡಿಯಿದ್ದರೂ ಹೆಸರು ಉಳಿಯುತ್ತದೆ ಎಂಬ ಭರವಸೆಯಿಲ್ಲ ಎನ್ನಿ. ಪಟ್ಟದಕಲ್ಲಿನ ಅತಿ ದೊಡ್ಡ ಗುಡಿಯನ್ನು ಕಟ್ಟಿಸಿದವಳು ಚಾಲುಕ್ಯರ ರಾಣಿ ಲೋಕಮಹಾದೇವಿ. ಅವಳ ಹೆಸರಿನಿಂದ ಲೋಕೇಶ್ವರ ಎನಿಸಿಕೊಂಡಿದ್ದ ಗುಡಿಯನ್ನು ಈಗ ಎಲ್ಲರೂ ವಿರೂಪಾಕ್ಷ ಎನ್ನುತ್ತಾರೆ. ಮಹಾಕೂಟದ ಶಾಸನವೊಂದರಲ್ಲಿ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಬರುತ್ತಾಳೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ ಕೊಟ್ಟವಳು. ಅವಳ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳ್. ಮೂರು ತಲೆಮಾರಿನ ಹೆಂಗಸರ ಹೆಸರು ಒಂದೇ ಕಲ್ಲಿನಲ್ಲಿ ಸಿಗುವುದು ಅಪರೂಪ, ಅದರಲ್ಲಿ ಒಂದನ್ನೂ ಇಂದು ಯಾವ ತಾಯಿಯೂ ತೊಟ್ಟಿಲಿಗೆ ಹಾಕುವ ಹಾಗಿಲ್ಲ. ವಿನಾಪೋಟಿಯ ಮುಂದೆ ವಿಜ್ಜಿಕಾ ನಿನ್ನೆ ಮೊನ್ನೆಯ ಹೆಸರಿನಂತೆ ಕೇಳಿಸುತ್ತದೆ. ನಿಜ ಹೇಳಬೇಕೆಂದರೆ ಕೊನೆಯ ‘ಇಕಾ’ದಿಂದಾಗಿ ಅದು ಅದ್ವಿಕಾ, ಭೂಮಿಕಾಗಳ ಸಾಲಿನಲ್ಲಿ ತಂತಾನೇ ಕೂತುಬಿಡುತ್ತದೆ. ತರಗತಿಯಲ್ಲಿ ಯಾರೂ ಅದನ್ನು ಹಳೆಯ ಹೆಸರೆಂದು ಗುರುತಿಸಲಾರರು.

ಉಚ್ಚಾರದ ತೊಂದರೆಯೂ ಇಲ್ಲ. ಮರಾಠಿಯವರು ಕೆಲವೆಡೆ ‘ಜ’ವನ್ನು ಹಲ್ಲಿಗೆ ತಾಗಿಸಿ ನುಡಿಯುತ್ತಾರೆ, ಆದರೆ ‘ಇ’ಕಾರ ಸೇರಿದಾಗ ಅವರ ‘ಜಿ’ಯೂ ನಮ್ಮ ‘ಜಿ’ಯೂ ಒಂದೇ. ಮುಂದೆ ಮಗಳು ಬೆಳಗಾವಿಗೋ ಸಾಂಗ್ಲಿಗೋ ಓದಲು ಹೋದರೂ ಹೆಸರು ಮುರಿಯುವುದಿಲ್ಲ. ನಕ್ಷತ್ರದ ಲೆಕ್ಕವೂ ಸರಿಯಿದೆ. ರೋಹಿಣಿಯ ನಾಲ್ಕು ಪಾದಗಳಿಗೆ ಓ, ವಾ, ವೀ, ವೂ. ಮೂರನೆಯದು ನಿಮ್ಮದು. ದೀರ್ಘವಿದ್ದಲ್ಲಿ ಹ್ರಸ್ವ ನಡೆಯುತ್ತದೆ, ಜೋಯಿಸರು ತಕರಾರು ಮಾಡುವುದಿಲ್ಲ.

ಬರೆಯುವಾಗ ಮಾತ್ರ ಎಚ್ಚರ. ಕನ್ನಡದಲ್ಲಿ ‘ವಿಜ್ಜಿಕಾ’, ‘ಜಿ’ಯ ಕೆಳಗೆ ‘ಜ’ಕಾರದ ಒತ್ತು. ‘ವಿಜ್ಜಿಕೆ’ ಎಂದರೆ ಇನ್ನಷ್ಟು ಕನ್ನಡವಾಗುತ್ತದೆ, ಆದರೆ ಬೇರೆ ಭಾಷೆಯ ದಾಖಲೆಗಳಲ್ಲಿ ‘ಕೆ’ ಮತ್ತು ‘ಕಾ’ಗಳ ನಡುವೆ ಜೀವನಪೂರ್ತಿ ಗುದ್ದಾಡಬೇಕಾದೀತು. ಇಂಗ್ಲಿಷಿನಲ್ಲಿ ಎರಡು ‘ಜೆ’ ಬರಲೇಬೇಕು. ಒಂದೇ ಇದ್ದರೆ ‘ವಿಜಿಕಾ’ ಆಗಿ, ಮೇಲೆ ನಾನು ಇಷ್ಟು ಹೊತ್ತು ಕೊರೆದ ವಿದ್ಯೆಯೂ ಹೋಗುತ್ತದೆ, ಮುದ್ದೂ ಹೋಗುತ್ತದೆ.

ತೊಟ್ಟಿಲ ಕಾರ್ಯಕ್ರಮದ ಹೊತ್ತಿಗೆ ಮನೆಯವರು ಒಪ್ಪದಿದ್ದರೆ ಗಾಬರಿಯಾಗಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದನ್ನು ಮಾಡಿಸಿರುತ್ತೀರಿ. ಹೆಸರಿನ ಜಾಗ ಖಾಲಿಯಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಹದಿನೈದು ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಸೋದರತ್ತೆ ಕೂಸಿನ ಕಿವಿಯಲ್ಲಿ ಯಾವ ಹೆಸರು ಹೇಳುತ್ತಾಳೋ ಅದೇ ಮನೆಯಲ್ಲಿ ಗಟ್ಟಿಯಾಗುವುದರಿಂದ ನಿಮ್ಮ ನಾದಿನಿಯನ್ನು ಈಗಲೇ ನಿಮ್ಮ ಕಡೆ ಮಾಡಿಕೊಳ್ಳಿ. ಅತ್ತೆಯವರು ವಿಜ್ಜವ್ವ ಎಂದು ಕರೆಯಲಿ, ಅವರಿಗೆ ಆ ಹಕ್ಕಿದೆ.

ಕಚೇರಿಯಲ್ಲಿ ಟೈಪು ಮಾಡುವವರ ಪಕ್ಕದಲ್ಲಿ ನೀವೇ ನಿಲ್ಲಿ. ನನ್ನ ಸೇವಾ ಪುಸ್ತಕದಲ್ಲಿ ಬಿಟ್ಟುಹೋದ ಒಂದು ಒತ್ತಕ್ಷರವನ್ನು ಸೇರಿಸಲು ನಾನು ಹನ್ನೊಂದು ಸಲ ಒಂದೇ ಮೇಜಿಗೆ ಹೋಗಿ ಬಂದಿದ್ದೇನೆ. ಪ್ರಮಾಣಪತ್ರ ಮುದ್ರಣಕ್ಕೆ ಹೋಗುವ ಮೊದಲು ಪರದೆಯ ಮೇಲೆ ‘ಜಿ’ಯ ಕೆಳಗೆ ಒತ್ತು ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ, ಆಮೇಲೆ ಸಹಿ ಮಾಡಿ.